ಅಜ್ಜ ತೆಗೆದ ಫೋಟೊ, ಮೊಮ್ಮಗ ಮಾಡಿದ ಪ್ರದರ್ಶನ: ಶೇರ್‌ಗಿಲ್ ಮನೆಯ ಸಂಗ್ರಹದ ಬಗ್ಗೆ ಮಾತಾಡೋಣ

ಕುಂಚ ಕಾಗದ (ಬೆಂಗಳೂರು)

ಕಲಾವಿದ ವಿವಾನ್ ಸುಂದರಂ ಅವರ ‘ರೀ-ಟೇಕ್ ಆಫ್ ಅಮೃತಾ’ ಚಿತ್ರ ಸರಣಿ ಬಗ್ಗೆ ನಮ್ಮ ಗುಂಪಿನಲ್ಲಿ ಒಮ್ಮೆಯಾದರೂ ಕೂತು ಮಾತಾಡಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಕಲಾವಿದರ ಸ್ವಂತ ಕಾಗದಪತ್ರ, ಫೋಟೊ, ಡೈರಿ ಇಟ್ಟುಕೊಂಡು ಪ್ರದರ್ಶನ ಮಾಡುವುದು ಈಗ ಎಲ್ಲ ಕಡೆ ಜಾಸ್ತಿಯಾಗಿದೆ. ಅಂಥ ಕೆಲಸವನ್ನು ನಮ್ಮ ದೇಶದಲ್ಲಿ ಇಷ್ಟು ಆಳವಾಗಿ ಮಾಡಿದವರು ಕಡಿಮೆ.

ಗೊತ್ತಿಲ್ಲದವರಿಗಾಗಿ ಮೊದಲು ಮನೆಯ ವಿಷಯ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಹುಟ್ಟಿದ್ದು 1913ರಲ್ಲಿ, ಬುಡಾಪೆಸ್ಟ್‌ನಲ್ಲಿ. ತಾಯಿ ಹಂಗೇರಿಯ ಹಾಡುಗಾರ್ತಿ. ತಂದೆ ಉಮ್ರಾವ್ ಸಿಂಗ್ ಪಂಜಾಬಿನ ಮಜೀಠಿಯಾ ಮನೆತನದವರು, ಸಂಸ್ಕೃತ, ಪಾರ್ಸಿ ಓದಿಕೊಂಡವರು. ಅವರಿಗೆ ಕ್ಯಾಮೆರಾ ಹುಚ್ಚು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಹಿಡಿದು ದಶಕಗಟ್ಟಲೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮನ್ನೇ ತಾವು ಫೋಟೊ ತೆಗೆದುಕೊಂಡರು. ಬುಡಾಪೆಸ್ಟ್, ಶಿಮ್ಲಾ, ಪ್ಯಾರಿಸ್, ಹೋದಲ್ಲೆಲ್ಲ ತೆಗೆದರು. 1941ರಲ್ಲಿ ಲಾಹೋರಿನಲ್ಲಿ ಅಮೃತಾ ತೀರಿಕೊಂಡರು. ಆಗ ಅವರಿಗೆ 28 ವರ್ಷ.

ಅಮೃತಾ ತಂಗಿ ಇಂದಿರಾ ಅವರ ಮಗ ವಿವಾನ್. ಹುಟ್ಟಿದ್ದು 1943ರಲ್ಲಿ. ಅಂದರೆ ದೊಡ್ಡಮ್ಮನನ್ನು ಅವರು ಕಣ್ಣಾರೆ ನೋಡಿಯೇ ಇಲ್ಲ. ದೊಡ್ಡಮ್ಮ ಅವರಿಗೆ ಸಿಕ್ಕಿದ್ದೇ ಅಜ್ಜನ ಫೋಟೊಗಳಲ್ಲಿ, ಗೋಡೆ ಮೇಲಿನ ಚಿತ್ರಗಳಲ್ಲಿ, ಮನೆಯವರ ಮಾತಿನಲ್ಲಿ. 1980ರ ದಶಕದಲ್ಲೇ ಈ ಕುಟುಂಬವನ್ನು ಅವರು ಎಣ್ಣೆ ಬಣ್ಣದಲ್ಲಿ ಬರೆದಿದ್ದರು. 1995ರಲ್ಲಿ ಬುಡಾಪೆಸ್ಟ್‌ನಲ್ಲಿ ‘ಶೇರ್‌ಗಿಲ್ ಆರ್ಕೈವ್’ (ಆರ್ಕೈವ್ ಅಂದರೆ ದಾಖಲೆಗಳ ಸಂಗ್ರಹ) ಅನ್ನುವ ಇನ್‌ಸ್ಟಲೇಶನ್, ಅಂದರೆ ವಸ್ತುಗಳನ್ನು ಜೋಡಿಸಿ ಕಟ್ಟಿದ ಕಲಾಕೃತಿ, ಇಟ್ಟರು. ಆಮೇಲೆ 2001–02ರಲ್ಲಿ ಕಂಪ್ಯೂಟರ್ ಮುಂದೆ ಕೂತು ಅಜ್ಜನ ಫೋಟೊಗಳನ್ನೇ ಬಿಡಿಸಿ, ಸೇರಿಸಿ, ಹೊಸ ಕಪ್ಪು-ಬಿಳುಪು ಚಿತ್ರಗಳನ್ನು ಕಟ್ಟಿದರು. ಅದೇ ರೀ-ಟೇಕ್.

ಇದರಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ವರ್ಷದ ಮನುಷ್ಯರು ಒಂದೇ ಕೋಣೆಯಲ್ಲಿ ಬಂದು ನಿಲ್ಲುತ್ತಾರೆ. ಉಮ್ರಾವ್ ಸಿಂಗ್ 1930ರಲ್ಲಿ ಹದಿನೈದು ದಿನ ಉಪವಾಸ ಮಾಡಿ, ಬರಿಮೈಯಲ್ಲಿ ತೆಗೆದುಕೊಂಡ ಒಂದು ಫೋಟೊ ಇದೆ. ದೇಹ ಹೇಗಾಗಿದೆ ಅಂತ ತಾವೇ ಪರೀಕ್ಷೆ ಮಾಡಿ ನೋಡುತ್ತಿರುವ ಹಾಗೆ. ಆ ಅಪ್ಪನೂ ಬೇರೆ ಕಾಲದ ಮಗಳೂ ಎದುರುಬದುರಾದರೆ ಏನಾಗುತ್ತದೆ? ಕನ್ನಡಿಯೊಳಗೆ ಒಬ್ಬಳು ಅಮೃತಾ, ಹೊರಗೆ ಇನ್ನೊಬ್ಬಳು ಇದ್ದರೆ? ಮೂಲ ಫೋಟೊದಲ್ಲಿ ಅಪ್ಪ ಕ್ಯಾಮೆರಾ ಹಿಂದೆ ಇದ್ದ. ಮೊಮ್ಮಗ ಅವನನ್ನು ಹಿಡಿದು ಮುಂದೆ ತಂದು ನಿಲ್ಲಿಸಿದ್ದಾರೆ.

ನನ್ನ ಮಾತು ಇಷ್ಟೇ: ಮನೆಯ ಸಂಗ್ರಹ ಅಂದ ತಕ್ಷಣ ‘ಇದೇ ನಿಜ’ ಅಂತ ನಂಬಿಬಿಡುತ್ತೇವೆ. ಯಾರು ತೆಗೆದರು, ಯಾರು ಉಳಿಸಿದರು, ಯಾಕೆ ಉಳಿಸಿದರು ಅಂತ ಕೇಳುವುದಿಲ್ಲ. ಈ ಸರಣಿ ಅದನ್ನು ಕೇಳುವ ಹಾಗೆ ಮಾಡುತ್ತದೆ. ನಿಮಗೆ ಏನನ್ನಿಸುತ್ತದೆ?

ಸಹ್ಯಾದ್ರಿ ಓದುಗಿ (ಶಿವಮೊಗ್ಗ)

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಆದರೆ ನನಗೆ ಈ ಸರಣಿ ನೋಡಿದಾಗಲೆಲ್ಲ ಸ್ವಲ್ಪ ಇರುಸುಮುರುಸು ಆಗುತ್ತದೆ. ಅಮೃತಾ ತಾನೇ ತನ್ನನ್ನು ಎಷ್ಟೊಂದು ಸಲ ಬರೆದುಕೊಂಡಿದ್ದಾಳೆ. ತಾನು ಹೇಗೆ ಕಾಣಬೇಕು ಅನ್ನುವುದನ್ನು ತಾನೇ ತೀರ್ಮಾನ ಮಾಡಿದ ಹೆಣ್ಣು ಅವಳು. ಅಂಥವಳನ್ನು ಮೊದಲು ಅಪ್ಪ ಕೂರಿಸಿ ಫೋಟೊ ತೆಗೆದ. ಆಮೇಲೆ ತಂಗಿಯ ಮಗ ಆ ಫೋಟೊ ಕತ್ತರಿಸಿ ಬೇರೆ ಕೋಣೆಯಲ್ಲಿ ಕೂರಿಸಿದ. ಅವಳನ್ನು ಯಾರು ಕೇಳಿದರು?

ಇನ್ನೊಂದು ವಿಷಯ ಇಲ್ಲಿ ಬರಲೇಬೇಕು. 1930ರ ದಶಕದ ಕೊನೆಯಲ್ಲಿ ಅಮೃತಾ ಮದುವೆಗೆ ಅಂತ ಹಂಗೇರಿಗೆ ಹೋಗಿದ್ದಾಗ, ಅವಳು ಮನೆಯಲ್ಲಿ ಇಟ್ಟಿದ್ದ ಪತ್ರಗಳನ್ನು ತಂದೆತಾಯಿ ಸುಟ್ಟು ಹಾಕಿದರು. ನೆಹರೂ ಬರೆದ ಪತ್ರಗಳೂ ಅದರಲ್ಲಿ ಹೋದವು. ಸುದ್ದಿ ತಿಳಿದು ಅವಳು ಅಪ್ಪನಿಗೆ ಬರೆದ ಉತ್ತರ ಓದಿ. ಬೈದಿಲ್ಲ, ಕೂಗಾಡಿಲ್ಲ. ಆದರೆ ನೋವು ಸಾಲು ಸಾಲಿನಲ್ಲೂ ಇದೆ.

ಅಪ್ಪ ತೆಗೆದ ಫೋಟೊಗಳು ಉಳಿದವು, ಮಗಳು ಕೂಡಿಟ್ಟ ಪತ್ರಗಳು ಬೂದಿಯಾದವು. ಈ ಸಂಗ್ರಹ ಯಾರದ್ದು ಅನ್ನುವ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಾ?

ಕುಂಚ ಕಾಗದ (ಬೆಂಗಳೂರು)

ಮೇಡಂ, ಪತ್ರ ಸುಟ್ಟ ವಿಷಯ ನೀವೇ ತಂದಿದ್ದು ಒಳ್ಳೆಯದಾಯಿತು. ಆ ಕಾರಣಕ್ಕೇ ನನಗೆ ವಿವಾನ್ ಮಾಡಿದ್ದು ಮುಖ್ಯ ಅನ್ನಿಸುತ್ತದೆ. ಉಮ್ರಾವ್ ಸಿಂಗ್ ಫೋಟೊಗಳನ್ನು ಹಾಗೇ ಚೌಕಟ್ಟು ಹಾಕಿ ಗೋಡೆಗೆ ತೂಗಿ ಬಿಟ್ಟಿದ್ದರೆ, ಆ ಅಪ್ಪನ ಕಣ್ಣೇ ಕೊನೆಯ ಮಾತಾಗುತ್ತಿತ್ತು. ‘ಎಂಥ ಸುಂದರ ಕುಟುಂಬ’ ಅಂತ ನೋಡಿಕೊಂಡು ಹೋಗುತ್ತಿದ್ದೆವು. ತಾಯಿ ಮಾರಿ ಆಂಟೊನೆಟ್ 1948ರಲ್ಲಿ ತಾವೇ ಗುಂಡು ಹಾರಿಸಿಕೊಂಡು ಸತ್ತರು ಅನ್ನುವುದು ಯಾವ ಗ್ರೂಪ್ ಫೋಟೊದಲ್ಲಿ ಕಾಣುತ್ತದೆ ಹೇಳಿ? ಆ ಅಂದದ ಕೋಣೆಗಳಲ್ಲಿ ಏನೋ ಸರಿ ಇಲ್ಲ ಅನ್ನುವ ತಳಮಳ ರೀ-ಟೇಕ್ ನೋಡಿದಾಗ ಮಾತ್ರ ಬರುತ್ತದೆ.

ಅವರು ಕತ್ತರಿಸಿ ಜೋಡಿಸುವುದಷ್ಟೇ ಮಾಡಿ ಸುಮ್ಮನಾಗಲಿಲ್ಲ ಅನ್ನುವುದನ್ನೂ ನೋಡಬೇಕು. ಅಮೃತಾ ಬರೆದ, ಉಳಿದುಕೊಂಡ ಪತ್ರ-ಬರಹಗಳನ್ನೆಲ್ಲ ಸೇರಿಸಿ, ಟಿಪ್ಪಣಿ ಬರೆದು, 2010ರಲ್ಲಿ ಎರಡು ದೊಡ್ಡ ಸಂಪುಟ ತಂದರು. ಅಲ್ಲಿ ಮಾತಾಡುವವಳು ಅವಳೇ. ನೀವು ಹೇಳಿದ ಆ ಪತ್ರವೂ ಅಲ್ಲೇ ಇದೆ. ಒಂದು ಕಡೆ ಕಲ್ಪನೆ, ಇನ್ನೊಂದು ಕಡೆ ದಾಖಲೆ. ಎರಡನ್ನೂ ಒಬ್ಬರೇ ಮಾಡಿದರು, ಒಂದನ್ನು ಇನ್ನೊಂದರ ಜೊತೆ ಬೆರೆಸಲಿಲ್ಲ. ಅದಕ್ಕಾಗಿ ನಾನು ಅವರನ್ನು ತುಂಬಾ ಗೌರವಿಸುತ್ತೇನೆ.

ನೆಗೆಟಿವ್ ಡಬ್ಬಿ (ಮೈಸೂರು)

ಹಳೆ ಫೋಟೊ ರಿಪೇರಿ ಮಾಡುವವನಾಗಿ ನನ್ನದೊಂದು ಮಾತು. ಉಮ್ರಾವ್ ಸಿಂಗ್ ಅವರನ್ನು ಸುಮ್ನೆ ‘ಅಮೃತಾ ಅವರ ತಂದೆ’ ಅಂತ ದಾಟಿ ಹೋಗಬೇಡಿ. ಅವರು ಫಿಲ್ಮಿನ ಬದಲು ಗಾಜಿನ ಪ್ಲೇಟು ಬಳಸಿದ ಕಾಲದವರು. ಆಗ ಬಣ್ಣದ ಫೋಟೊಗೆ ಆಟೋಕ್ರೋಮ್ ಅನ್ನುವ ಪದ್ಧತಿ ಇತ್ತು. ಗಾಜಿನ ಮೇಲೆ ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣ ಹರಡಿ ಮಾಡುತ್ತಿದ್ದರು. ಕಪ್ಪು-ಬಿಳುಪಿಗಿಂತ ಎಷ್ಟೋ ಜಾಸ್ತಿ ಹೊತ್ತು ಬೆಳಕು ಕೊಡಬೇಕಿತ್ತು, ಕೂತವರು ಅಲ್ಲಾಡುವ ಹಾಗಿರಲಿಲ್ಲ. ಉಮ್ರಾವ್ ಸಿಂಗ್ ಅದನ್ನೂ ಮಾಡಿದ್ದಾರೆ. ತಮ್ಮ ಫೋಟೊ ತಾವೇ ತೆಗೆಯುವಾಗ ಬೆಳಕು ಎಲ್ಲಿಂದ ಬೀಳಬೇಕು, ಕೈ ಎಲ್ಲಿರಬೇಕು ಅನ್ನುವುದನ್ನೆಲ್ಲ ಯೋಚಿಸಿ ಮಾಡಿದ್ದಾರೆ. ಅವರೂ ಕಲಾವಿದರೇ.

ನನಗೆ ಚಿಂತೆ ಇರುವುದು ರೀ-ಟೇಕ್ ಚಿತ್ರಗಳ ಜೋಡಣೆ ಅಷ್ಟು ನುಣುಪಾಗಿರುವುದರ ಬಗ್ಗೆ. ಕತ್ತರಿ ಗುರುತೇ ಕಾಣುವುದಿಲ್ಲ. ಗ್ಯಾಲರಿಯಲ್ಲಿ ಪಕ್ಕದಲ್ಲಿ ಚೀಟಿ ಇರುತ್ತದೆ, ಸರಿ. ಆದರೆ ಚೀಟಿ ಬಿಟ್ಟು ಚಿತ್ರ ಮಾತ್ರ ವಾಟ್ಸಾಪ್‌ನಲ್ಲಿ ಬಂದರೆ? ಅಮೃತಾ ನಿಜವಾಗಿಯೂ ಹೀಗೆ ಕೂತಿದ್ದಳು ಅಂತಲೇ ಜನ ತಿಳಿಯುತ್ತಾರೆ. 2002ರಲ್ಲಿ ಫೋಟೊ ತಿದ್ದುವುದು ಕೆಲವರ ಕೈಯಲ್ಲಿತ್ತು. ಈಗ ಎಲ್ಲರ ಫೋನಿನಲ್ಲೂ ಆಗುತ್ತದೆ. ಹಾಗಾಗಿ ಮೂಲ ಫೋಟೊ ಯಾವುದು, ಯಾವ ವರ್ಷದ್ದು, ಯಾವುದರ ಜೊತೆ ಸೇರಿದೆ ಅನ್ನುವುದು ಚಿತ್ರದ ಜೊತೆಗೇ ಇರಬೇಕು. ಇಲ್ಲದಿದ್ದರೆ ಇನ್ನೊಂದು ತಲೆಮಾರು ಕಳೆಯುವಷ್ಟರಲ್ಲಿ ಮೂಲವೂ ರೀ-ಟೇಕೂ ಒಂದೇ ಆಗಿಬಿಡುತ್ತವೆ.

ಇಸಾರ್ ದಂಡೆ (ಮ್ಯೂನಿಕ್)

ಡಬ್ಬಿ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇಲ್ಲಿನ ಹೌಸ್ ಡೆರ್ ಕುನ್ಸ್ಟ್ ಕಲಾ ಮ್ಯೂಸಿಯಂನಲ್ಲಿ 2006–07ರಲ್ಲಿ ಅಮೃತಾ ಅವರ ದೊಡ್ಡ ಪ್ರದರ್ಶನ ಆಯಿತು. ಅದನ್ನು ಒಬ್ಬ ಕಲಾವಿದೆಯ ಪ್ರದರ್ಶನ ಅಂತ ಮಾಡದೆ, ‘ಇಪ್ಪತ್ತನೇ ಶತಮಾನದ ಒಂದು ಭಾರತೀಯ ಕಲಾವಿದ ಕುಟುಂಬ’ ಅಂತ ಮಾಡಿದ್ದರು. ಮಗಳ ಪೇಂಟಿಂಗ್, ಅಪ್ಪನ ಫೋಟೊ, ಮೊಮ್ಮಗನ ರೀ-ಟೇಕ್, ಮೂರೂ ಒಂದೇ ಪ್ರದರ್ಶನದಲ್ಲಿ. ಮೂರನ್ನೂ ನೋಡಿದವರಿಗೆ ಯಾವುದು ಯಾವುದರಿಂದ ಬಂತು ಅಂತ ತಾನಾಗಿ ಗೊತ್ತಾಗುತ್ತದೆ. ರೀ-ಟೇಕ್ ಒಂದನ್ನೇ ಬೇರೆ ಮಾಡಿ ತೋರಿಸಿದರೆ ಅರ್ಧ ಕಥೆ ಹೋಗುತ್ತದೆ ಅಂತ ನನ್ನ ಅನಿಸಿಕೆ.

ವಿವಾನ್ ತಂಗಿ ನವೀನಾ ಸುಂದರಂ ಇಲ್ಲೇ ಜರ್ಮನಿಯಲ್ಲಿ ಟಿವಿ ಪತ್ರಕರ್ತೆಯಾಗಿದ್ದರು. ಅವರ ಕೆಲಸದ ಸಂಗ್ರಹವೂ ಈಗ ಆನ್‌ಲೈನ್ ಆರ್ಕೈವ್ ಆಗಿದೆ. ಕೂಡಿಡುವುದು ಆ ಮನೆಯ ಗುಣ ಅಂತ ಕಾಣುತ್ತದೆ.

ಕಲಾ ಮೇಷ್ಟ್ರು (ಧಾರವಾಡ)

ಎಲ್ಲರ ಮಾತೂ ಓದಿದೆ. ನನ್ನ ತಕರಾರು ಬೇರೆ. ಶೇರ್‌ಗಿಲ್ ಮನೆಯಲ್ಲಿ ದುಡ್ಡಿತ್ತು, ಕ್ಯಾಮೆರಾ ಇತ್ತು, ಪ್ಯಾರಿಸ್ ಇತ್ತು. ಮೊಮ್ಮಗನೂ ಕಲಾವಿದನಾದ, ದೆಹಲಿಯಲ್ಲಿದ್ದ. ಅಮೃತಾ ಅವರ ‘ದಿ ಸ್ಟೋರಿ ಟೆಲ್ಲರ್’ 2023ರ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಹೋಯಿತು. ಅಂಥ ಮನೆಯ ಚೂರು ಕಾಗದವನ್ನೂ ಜನ ಜೋಪಾನ ಮಾಡುತ್ತಾರೆ. ಮಾಡಲಿ, ನನಗೆ ಸಂತೋಷವೇ.

ನಮ್ಮ ಕಡೆ ಏನಾಗಿದೆ? ಗದಗಿನಲ್ಲಿ ಟಿ.ಪಿ. ಅಕ್ಕಿ, ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಚಿತ್ರಕಲಾ ಶಾಲೆ ಕಟ್ಟಿದರು. ಅಂಥ ಶಾಲೆಗಳಿಂದ ಬಂದ ಎಷ್ಟೋ ಡ್ರಾಯಿಂಗ್ ಮೇಷ್ಟ್ರುಗಳು ಹಳ್ಳಿ ಹಳ್ಳಿಗೆ ಹೋದರು. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿದರು. ನಾಟಕ ಕಂಪನಿಗೆ ಪರದೆ ಬರೆದರು, ಗಣಪತಿ ಮಾಡಿದರು, ಅಂಗಡಿ ಬೋರ್ಡು ಬರೆದರು. ಅವರು ತೀರಿಕೊಂಡ ಮೇಲೆ ಸ್ಕೆಚ್ ಪುಸ್ತಕಗಳು ರದ್ದಿಗೆ ಹೋಗುತ್ತವೆ. ಒಬ್ಬ ಹಿರಿಯರ ಮನೆಯಲ್ಲಿ ನಾನೇ ನೋಡಿದ್ದೇನೆ. ಪರದೆಯ ಅಳತೆ, ಬಣ್ಣದ ಲೆಕ್ಕ, ಯಾವ ದೃಶ್ಯಕ್ಕೆ ಯಾವ ಪರದೆ ಅಂತ ಗೆರೆ ಎಳೆದು ಬರೆದಿದ್ದ ಪುಸ್ತಕದ ಹಾಳೆಗಳನ್ನು ಅಡುಗೆಮನೆ ಡಬ್ಬಿಗಳ ಕೆಳಗೆ ಹಾಸಿದ್ದರು. ಮನೆಯವರದು ತಪ್ಪು ಅನ್ನಲಾರೆ. ಅದಕ್ಕೆ ಬೆಲೆ ಇದೆ ಅಂತ ಅವರಿಗೆ ಯಾರೂ ಹೇಳಿಯೇ ಇರಲಿಲ್ಲ.

ಹಾಗಾಗಿ ವಿವಾನ್ ಮಾಡಿದ್ದು ಸರಿಯೋ ತಪ್ಪೋ ಅನ್ನುವ ಚರ್ಚೆಗಿಂತ, ಯಾರ ಟ್ರಂಕು ಆರ್ಕೈವ್ ಆಗುತ್ತದೆ, ಯಾರದ್ದು ತೂಕಕ್ಕೆ ಹೋಗುತ್ತದೆ ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ನೆಗೆಟಿವ್ ಡಬ್ಬಿ (ಮೈಸೂರು)

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಬೇರೆ ದಾರಿಯೂ ಇದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) 2023ರಲ್ಲಿ ಬಾಗಿಲು ತೆಗೆದಾಗ, ಮೊದಲ ಪ್ರದರ್ಶನಗಳಲ್ಲೇ ಒಂದು ಜ್ಯೋತಿ ಭಟ್ ಅವರ ಫೋಟೊಗಳದ್ದು. ಅವರ ಪ್ರಿಂಟು, ನೆಗೆಟಿವ್, ಕಾಂಟ್ಯಾಕ್ಟ್ ಶೀಟುಗಳ (ಹಲವು ನೆಗೆಟಿವ್‌ಗಳ ಚಿತ್ರ ಸಣ್ಣದಾಗಿ ಒಟ್ಟಿಗೆ ಮೂಡಿದ ಹಾಳೆ) ದೊಡ್ಡ ಸಂಗ್ರಹ ಮ್ಯಾಪ್‌ನಲ್ಲಿದೆ. ಭಟ್ಟರು ಬರೋಡಾದಲ್ಲಿ ಬೇಂದ್ರೆ (ಚಿತ್ರಕಾರ ಎನ್.ಎಸ್. ಬೇಂದ್ರೆ) ಅವರ ಶಿಷ್ಯರು, ಪೇಂಟಿಂಗ್, ಪ್ರಿಂಟ್ ಮಾಡುವವರು. 1967ರಲ್ಲಿ ಗುಜರಾತಿನ ಜನಪದ ಕಲೆ ಬಗ್ಗೆ ಒಂದು ವಿಚಾರಗೋಷ್ಠಿಗೆ ಅಂತ ಹಳ್ಳಿಗಳಿಗೆ ಫೋಟೊ ತೆಗೆಯಲು ಹೋದವರು, ಆಮೇಲೆ ನಿಲ್ಲಿಸಲೇ ಇಲ್ಲ. ಮಣ್ಣಿನ ಗೋಡೆ ಮೇಲಿನ ಚಿತ್ತಾರ, ಅಂಗಳದ ರಂಗೋಲಿ, ಅದನ್ನು ಬರೆದ ಹೆಣ್ಣುಮಕ್ಕಳು, ಅವರ ಮನೆ, ಮಕ್ಕಳು.

ಇದರಲ್ಲಿ ವಿಶೇಷ ಏನು ಅಂದರೆ, ಸಂಗ್ರಹ ಒಬ್ಬ ಕಲಾವಿದರದ್ದು, ಒಳಗಿರುವುದು ಹೆಸರಿಲ್ಲದ ನೂರಾರು ಕಲಾವಿದೆಯರ ಕೆಲಸ. ಆ ಗೋಡೆಗಳು ಮಳೆಗೆ ಹೋದವು, ಮನೆಗಳಿಗೆ ಸಿಮೆಂಟ್ ಬಂತು. ಉಳಿದಿದ್ದು ಈ ಫೋಟೊಗಳಲ್ಲಿ. ಮತ್ತೆ ಇದು ಕಲಾವಿದರು ಇರುವಾಗಲೇ ಆದ ಪ್ರದರ್ಶನ. ಓದುಗಿ ಮೇಡಂ ಕೇಳಿದ ‘ಯಾರು ಕೇಳಿದರು’ ಅನ್ನುವ ಪ್ರಶ್ನೆ ಅಲ್ಲಿ ಅಷ್ಟು ಕಾಡುವುದಿಲ್ಲ.

ಕಲಾ ಮೇಷ್ಟ್ರು (ಧಾರವಾಡ)

ಕಾಡುತ್ತದೆ, ಡಬ್ಬಿಯವರೇ. ಆ ರಂಗೋಲಿ ಹಾಕಿದ ಹೆಣ್ಣುಮಕ್ಕಳನ್ನು ಯಾರು ಕೇಳಿದರು? ಆದರೂ ಭಟ್ಟರ ಕೆಲಸದ ಬಗ್ಗೆ ನನಗೆ ಪ್ರೀತಿ ಇದೆ. ಗೋಡೆಯನ್ನು ಮಾತ್ರ ತೆಗೆಯಲಿಲ್ಲ, ಬರೆದವಳನ್ನೂ ಗೋಡೆ ಜೊತೆ ನಿಲ್ಲಿಸಿದರು.

ಅದೇ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆಯಲ್ಲ. ಕೆ. ವೆಂಕಟಪ್ಪನವರು (1886–1965) ದಿನಚರಿ ಬರೆಯುತ್ತಿದ್ದರು. ಊಟಿ, ಕೊಡೈಕೆನಾಲ್ ಜಲವರ್ಣ ನೋಡಿದವರು ಅವರ ಶಿಸ್ತನ್ನು ಊಹಿಸಬಹುದು. ವೀಣೆಯನ್ನೂ ಹಾಗೇ ಸಾಧನೆ ಮಾಡಿದವರು. ಆ ದಿನಚರಿ, ಚಿತ್ರ, ವೀಣೆ, ಪ್ಲಾಸ್ಟರ್ ಉಬ್ಬುಶಿಲ್ಪ ಎಲ್ಲ ಸೇರಿಸಿ ಈಗಿನ ಕಲಾವಿದರೊಬ್ಬರು ಒಂದು ಪ್ರದರ್ಶನ ಕಟ್ಟಿದರೆ ಹೇಗಿರುತ್ತದೆ! ಮೈಸೂರು ಅರಮನೆ, ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಪಾಠ, ಆಮೇಲೆ ಬೆಂಗಳೂರಿನ ಒಂಟಿ ಬದುಕು. ನಮ್ಮದೇ ರೀ-ಟೇಕ್ ಆಗುವಷ್ಟು ಸರಕು ಇದೆ. ಯುವ ಕಲಾವಿದರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚನೆ ಮಾಡಿ.

ಸಹ್ಯಾದ್ರಿ ಓದುಗಿ (ಶಿವಮೊಗ್ಗ)

ದಿನಚರಿ ಅಂದಾಗ ನಸ್ರೀನ್ ಮೊಹಮದಿ ನೆನಪಾದರು. ಬರೋಡಾದಲ್ಲೇ ಪಾಠ ಮಾಡುತ್ತಿದ್ದರು, 1990ರಲ್ಲಿ ತೀರಿಕೊಂಡರು. ಬರೀ ಗೆರೆಗಳಲ್ಲಿ ಚಿತ್ರ ಮಾಡಿದವರು. ಫೋಟೊಗಳನ್ನೂ ತೆಗೆಯುತ್ತಿದ್ದರು, ಆದರೆ ಬದುಕಿರುವಾಗ ಅವನ್ನು ಪ್ರದರ್ಶನಕ್ಕೆ ಇಡಲಿಲ್ಲ. ಈಗ ಆ ಫೋಟೊಗಳೂ ಡೈರಿ ಪುಟಗಳೂ ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಬರುತ್ತವೆ. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಶಾಖೆ ಮೆಟ್ ಬ್ರಾಯರ್ ಶುರುವಾಗಿದ್ದೇ ಅವರ ಪ್ರದರ್ಶನದ ಜೊತೆ.

ಅವರ ಡೈರಿ ಪುಟ ನೋಡಿದ್ದೀರಾ? ದಿನಾಂಕದ ಅಚ್ಚು ಹಾಳೆ ಮೇಲೆ ಕೈಬರಹ. ಕೆಲವು ಕಡೆ ಬರೆದಿದ್ದನ್ನೇ ಇಂಕಿನ ಪಟ್ಟಿ ಎಳೆದು ಮುಚ್ಚಿದ್ದಾರೆ. ಆ ಪಟ್ಟಿಗಳೇ ಅವರ ಚಿತ್ರದ ಹಾಗೆ ಕಾಣುತ್ತವೆ. ನೋಡುವವರಿಗೆ ಅದು ಕಲೆ. ಆದರೆ ಮುಚ್ಚಿದ್ದು ಯಾರೂ ಓದಬಾರದು ಅಂತಲೂ ಇರಬಹುದಲ್ವಾ? ನನಗೆ ಆ ಪುಟಗಳು ತುಂಬಾ ಇಷ್ಟ, ಅವು ಹೊರಗೆ ಬರದಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ಈ ಎರಡೂ ನನ್ನೊಳಗೆ ಜಗಳ ಆಡುತ್ತವೆ.

ಅಡಿಕೆ ಸೀಮೆಯವಳು (ಸಾಗರ)

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈ ಚರ್ಚೆ ನೋಡಿ ಕೇಳಲೇಬೇಕು ಅನ್ನಿಸಿತು. ನಮ್ಮ ಮಾವ, ಅಂದರೆ ನನ್ನ ಯಜಮಾನರ ತಂದೆ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ತೀರಿಕೊಂಡಿದ್ದಾರೆ. ಅಟ್ಟದ ಮೇಲೆ ಅವರ ಟ್ರಂಕು ಇದೆ. ಪೆನ್ಸಿಲ್ ಸ್ಕೆಚ್, ಜಲವರ್ಣ, ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರದ ನಕಲು, ಅದರ ಅಂಚಿನಲ್ಲಿ ಯಾವ ಮನೆ, ಯಾರು ಬರೆದದ್ದು, ಕೆಂಪಿಗೆ ಏನು ಹಾಕಿದರು, ಬಿಳಿಗೆ ಅಕ್ಕಿ ಹಿಟ್ಟಾ ಅಂತೆಲ್ಲ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಒಂದಿಷ್ಟು ನೆಗೆಟಿವ್ ಇವೆ, ಡಬ್ಬಿ ತೆಗೆದರೆ ಹುಳಿ ವಾಸನೆ ಬರುತ್ತದೆ. ಡೈರಿಗಳೂ ಇವೆ. ಅದರಲ್ಲಿ ಮನೆಯ ಕಷ್ಟ, ಅತ್ತೆಯ ಜೊತೆಗಿನ ಮುನಿಸು, ಸಾಲದ ಚಿಂತೆ ಎಲ್ಲ ಇದೆ.

ಊರಿನವರು ಸೇರಿ ಸಭಾಭವನದಲ್ಲಿ ಪ್ರದರ್ಶನ ಮಾಡೋಣ ಅನ್ನುತ್ತಿದ್ದಾರೆ. ಡೈರಿ ಇಡಬೇಕಾ? ಅತ್ತೆ ಇದ್ದಾರೆ. ನೆಗೆಟಿವ್ ಏನು ಮಾಡಲಿ?

ನೆಗೆಟಿವ್ ಡಬ್ಬಿ (ಮೈಸೂರು)

ಅಕ್ಕ, ಮೊದಲು ನೆಗೆಟಿವ್ ಡಬ್ಬಿಯನ್ನು ಟ್ರಂಕಿನಿಂದ ಹೊರಗೆ ತೆಗೆಯಿರಿ. ಆ ಹುಳಿ ವಾಸನೆ ವಿನೆಗರ್ ವಾಸನೆ. ಅಸಿಟೇಟ್ ಫಿಲ್ಮ್ ಕೆಡುವಾಗ ಬರುತ್ತದೆ, ಪಕ್ಕದ ಫಿಲ್ಮಿಗೂ ತಗಲುತ್ತದೆ. ವಾಸನೆ ಬರುವವನ್ನು ಬೇರೆ ಮಾಡಿ, ಪೇಪರ್ ಕವರಿಗೆ ಹಾಕಿ, ಗಾಳಿಯಾಡುವ, ತಂಪಾದ, ಒಣ ಜಾಗದಲ್ಲಿಡಿ. ಆದಷ್ಟು ಬೇಗ ಸ್ಕ್ಯಾನ್ ಮಾಡಿಸಿ. ಹೋದ ಫಿಲ್ಮ್ ವಾಪಸ್ ಬರುವುದಿಲ್ಲ. ನಿಮ್ಮ ಕಡೆ ಮಳೆಗಾಲ ಬೇರೆ, ಅಟ್ಟ ಬೇಡವೇ ಬೇಡ.

ಚಿತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಯಾರು ಹೇಳಿದರೂ ಕೇಳಬೇಡಿ. ಸೆಲ್ಲೋಟೇಪ್ ಬೇಡ, ಅಂಟು ಹಾಳೆಯ ಆಲ್ಬಂ ಬೇಡ. ಹಿಂದೆ ಏನಾದರೂ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಬಾಲ್‌ಪೆನ್ ಒತ್ತು ಮುಂದೆ ಮೂಡುತ್ತದೆ. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ. ಎಷ್ಟೋ ಸಲ ಊರು, ತಾರೀಕು, ಸ್ಟುಡಿಯೋ ಸೀಲು ಅಲ್ಲೇ ಇರುತ್ತದೆ. ಟ್ರಂಕಿನಲ್ಲಿ ಯಾವುದು ಯಾವುದರ ಪಕ್ಕ ಇತ್ತು ಅನ್ನುವುದನ್ನು ತೆಗೆಯುವ ಮೊದಲೇ ಫೋನಿನಲ್ಲಿ ಫೋಟೊ ಹೊಡೆದುಕೊಳ್ಳಿ. ಆ ಜೋಡಣೆ ನಿಮ್ಮ ಮಾವ ಮಾಡಿದ್ದು, ಅದೂ ದಾಖಲೆಯೇ.

ಜಲವರ್ಣಕ್ಕೆ ಬೆಳಕು ಆಗಿ ಬರುವುದಿಲ್ಲ. ಮ್ಯೂಸಿಯಂಗಳಲ್ಲಿ ಕಾಗದದ ಕೆಲಸಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬಿಡುವುದಿಲ್ಲ, ಅಂದರೆ ಮಬ್ಬು ಬೆಳಕು. ಸಭಾಭವನದ ಕಿಟಕಿ ಎದುರು ಮೂಲ ಚಿತ್ರ ಇಡಬೇಡಿ. ಒಳ್ಳೆಯ ಪ್ರಿಂಟ್ ಮಾಡಿಸಿ ಅದನ್ನು ಇಡಿ, ‘ಇದು ಪ್ರತಿ’ ಅಂತ ಚೀಟಿಯಲ್ಲಿ ಬರೆಯಿರಿ.

ಕಲಾ ಮೇಷ್ಟ್ರು (ಧಾರವಾಡ)

ತಾಯಿ, ಅಂಚಿನ ಟಿಪ್ಪಣಿ ಇರುವ ಹಸೆ ಚಿತ್ತಾರದ ಹಾಳೆಗಳೇ ನಿಮ್ಮ ಪ್ರದರ್ಶನದ ಜೀವ. ಬರೆದ ಹೆಂಗಸರ ಹೆಸರು ಅವರು ಆ ಕಾಲದಲ್ಲೇ ಬರೆದಿಟ್ಟಿದ್ದಾರೆ ಅಂದರೆ ಎಷ್ಟು ದೊಡ್ಡ ಮಾತು! ಆ ಹೆಸರುಗಳನ್ನು ನಿಮ್ಮ ಮಾವನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಆ ಮನೆಗಳಿಗೆ ಹೋಗಿ ಮೊದಲು ಹೇಳಿ, ಮಕ್ಕಳು ಮೊಮ್ಮಕ್ಕಳು ಇರುತ್ತಾರೆ. ಉದ್ಘಾಟನೆಗೆ ಅವರೇ ಬರಲಿ.

ಕುಂಚ ಕಾಗದ (ಬೆಂಗಳೂರು)

ಡೈರಿ ವಿಷಯಕ್ಕೆ ನನ್ನ ಅಭಿಪ್ರಾಯ. ತೀರ್ಮಾನ ನಿಮ್ಮ ಅತ್ತೆಯದು. ಅದರಲ್ಲಿ ಅವರೂ ಇದ್ದಾರೆ, ಬರೆದಿದ್ದು ಮಾತ್ರ ಒಬ್ಬರೇ. ಓದಿ ಹೇಳಿ, ಬೇಡ ಅಂದರೆ ಬೇಡ. ಆದರೆ ಯಾವ ಕಾರಣಕ್ಕೂ ಹರಿಯಬೇಡಿ, ಸುಡಬೇಡಿ. ಕಟ್ಟಿ, ಮೇಲೆ ‘ಇಂಥ ವರ್ಷದ ತನಕ ತೆರೆಯಬಾರದು’ ಅಂತ ಬರೆದಿಡಿ. ದೊಡ್ಡ ಆರ್ಕೈವ್‌ಗಳಲ್ಲೂ ಹೀಗೇ ಮಾಡುತ್ತಾರೆ. ಪ್ರದರ್ಶನದಲ್ಲಿ ‘ದಿನಚರಿಗಳಿವೆ, ಕುಟುಂಬದವರು ಸದ್ಯಕ್ಕೆ ಇಟ್ಟಿಲ್ಲ’ ಅಂತ ಒಂದು ಚೀಟಿ ಹಾಕಿ. ಏನು ತೋರಿಸಿಲ್ಲ ಅನ್ನುವುದೂ ನೋಡುವವರಿಗೆ ಗೊತ್ತಿರಲಿ. ಶೇರ್‌ಗಿಲ್ ಮನೆಯ ಸುಟ್ಟ ಪತ್ರಗಳ ವಿಷಯ ನಮಗೆ ಗೊತ್ತಾಗಿದ್ದೇ ಅದನ್ನು ಹೇಳುವ ಒಂದು ಪತ್ರ ಉಳಿದಿದ್ದರಿಂದ.

ಅಡಿಕೆ ಸೀಮೆಯವಳು (ಸಾಗರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಇವತ್ತು ಈ ಚರ್ಚೆಯನ್ನೇ ಓದಿ ಹೇಳಿದೆ. ಡೈರಿ ಬೇಡ ಅಂದರು. ಆದರೆ ಬಣ್ಣ ತಯಾರಿಸುವ ಲೆಕ್ಕ ಬರೆದಿರುವ ಎರಡು ಪುಟ ಇಡಬಹುದು ಅಂತ ಅವರೇ ತೆಗೆದುಕೊಟ್ಟರು. ಡಬ್ಬಿ ಅಣ್ಣ, ನೆಗೆಟಿವ್ ಹಳೆಯ ದೊಡ್ಡ ಸೈಜಿನವು, ಸಾಗರದಲ್ಲಿ ಸ್ಕ್ಯಾನ್ ಮಾಡುವವರು ಸಿಗಲಿಲ್ಲ. ಮೈಸೂರಿಗೆ ತಂದರೆ ನೋಡುತ್ತೀರಾ? ತರುವಾಗ ಹೇಗೆ ಕಟ್ಟಿ ತರಬೇಕು ಹೇಳಿ.